ಕಾಲಿನ ಧಮನೀರೋಧಕ್ಕೆ ಅಂತರ್ನಾಳ ಚಿಕಿತ್ಸೆ: ಅದರ ಉತ್ಪತ್ತಿ ಮತ್ತು ಕರ್ತೃತ್ವ ವಿಚಾರ

ಹೃದಯದ ರಕ್ತನಾಳದಲ್ಲಿ ತಡೆಯುಂಟಾದಾಗ ಎದೆಯನ್ನು ಸೀಳದೆ, ತೊಡೆಯ ಸಂದಿಯಲ್ಲಿಯೋ ಮಣಿಕಟ್ಟಿನಲ್ಲಿಯೋ ಒಂದು ಸಣ್ಣ ರಂಧ್ರವನ್ನು ಮಾಡಿ, ಅದರೊಳಗಿಂದ ನಳಿಕೆಯನ್ನು ಹೊಗಿಸಿ ತಡೆಯನ್ನು ಬಿಡಿಸುವ ಚಿಕಿತ್ಸೆಯನ್ನು ಈಗ ಹಳ್ಳಿಯ ಜನರೂ ಬಲ್ಲರು. ಆದರೆ ಈ ಚಿಕಿತ್ಸೆಯು ಮೊದಲು ಹುಟ್ಟಿದುದು ಹೃದಯಕ್ಕಾಗಿ ಅಲ್ಲ, ಕಾಲಿಗಾಗಿ ಎಂಬ ಸಂಗತಿಯನ್ನು ಅರಿತವರು ವಿರಳ. ಜನಪ್ರಿಯವಾದ ಬರೆಹಗಳಲ್ಲಿ ಇದರ ಚರಿತ್ರೆಯು ಸಾಮಾನ್ಯವಾಗಿ 1977ನೆಯ ಸೆಪ್ಟೆಂಬರ್ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಪ್ರಾರಂಭವಾಗುವುದು; ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯನೇ ಇದರ ಕರ್ತೃವೆಂದು ಹೇಳಲಾಗುವುದು. ಇದಕ್ಕೆ ಹದಿಮೂರು ವರ್ಷಗಳಿಗೂ ಹಿಂದೆ ಅಮೆರಿಕದ ಆರಿಗನ್ ಸಂಸ್ಥಾನದ ಪೋರ್ಟ್‌ಲೆಂಡ್ ನಗರದಲ್ಲಿ ಒಬ್ಬ ವೃದ್ಧೆಯ ಕಾಲು ಇದೇ ಮಾರ್ಗದಿಂದ ಉಳಿಯಿತು. ಆ ಸಂಗತಿಯನ್ನು ಮೂಲದಿಂದ ನಿರೂಪಿಸಿ, ಕರ್ತೃತ್ವದ ವಿಷಯದಲ್ಲಿ ನನಗೆ ತೋರಿದ ನಿರ್ಣಯವನ್ನು ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಶಬ್ದವಿಚಾರ. ಹೃದಯದಿಂದ ಅಂಗಾಂಗಗಳಿಗೆ ಶುದ್ಧ ರಕ್ತವನ್ನೊಯ್ಯುವ ನಾಳಕ್ಕೆ ನಾವು ಈಗ 'ಧಮನಿ' ಎನ್ನುವೆವು. ಊದುವುದೆಂಬ ಅರ್ಥದ ಧಾತುವಿನಿಂದ ಈ ಶಬ್ದವು ಬಂದಿರುವುದು; ಚರಕಸಂಹಿತೆಯಲ್ಲಿಯೂ ಇದೇ ನಿಷ್ಪತ್ತಿಯನ್ನು ಹೇಳಿದೆ. ಗ್ರೀಕರು ಇದೇ ನಾಳಕ್ಕೆ 'ಆರ್ಟೀರಿಯ' ಎಂದರು. ಮೊದಲಲ್ಲಿ ಅದು ಶ್ವಾಸನಾಳದ ಹೆಸರು. ಶವದಲ್ಲಿ ಈ ನಾಳಗಳು ಬರಿದಾಗಿ ಕಾಣುತ್ತಿದ್ದುದರಿಂದ ಇವು ವಾಯುವನ್ನು ವಹಿಸುವುವೆಂದು ಎರಾಸಿಸ್ಟ್ರಾಟಸ್ ಮೊದಲಾದವರು ತಿಳಿದರು. ಕ್ರಿಸ್ತಶಕದ ಎರಡನೆಯ ಶತಮಾನದಲ್ಲಿ ಗ್ಯಾಲನ್ ಎಂಬವನು ಜೀವಂತ ಪ್ರಾಣಿಯ ನಾಳವನ್ನು ಕೊಯ್ದು ಒಳಗೆ ರಕ್ತವೇ ಇರುವುದನ್ನು ತೋರಿಸಿದನು. ಎರಡು ದೂರದೇಶದ ವೈದ್ಯರು ಒಂದೇ ವಸ್ತುವಿಗೆ ಗಾಳಿಯ ಸಂಬಂಧದ ಹೆಸರನ್ನೇ ಇಟ್ಟಿರುವುದು ವಿಚಾರಾರ್ಹವಾಗಿದೆ. ಆದರೆ ಸುಶ್ರುತನು ಹೇಳುವ ಇಪ್ಪತ್ತನಾಲ್ಕು ಧಮನಿಗಳೂ ಏಳುನೂರು ಸಿರೆಗಳೂ ಈಗಿನ ವೈದ್ಯರು ಆ ಹೆಸರುಗಳಿಂದ ಕರೆಯುವ ನಾಳಗಳೇ ಎಂದು ಭಾವಿಸಲಾಗದು. ಹೆಸರು ನಮ್ಮದು, ಅರ್ಥವು ಹೊಸದು. ಮುಂದಿನ ವಿಷಯವನ್ನು ಓದುವಾಗ ಈ ಭೇದವನ್ನು ಮರೆಯಬಾರದು.

ಇನ್ನು ರೋಗದ ಸ್ವರೂಪ. ವಯಸ್ಸು, ಹೊಗೆಸೊಪ್ಪು, ಮಧುಮೇಹ, ರಕ್ತದೊತ್ತಡ ಮುಂತಾದ ಕಾರಣಗಳಿಂದ ಧಮನಿಯ ಒಳಗೋಡೆಯಲ್ಲಿ ಕೊಬ್ಬು ಸೇರಿ, ಅದು ಗಡುಸಾಗಿ, ಕಾಲಕ್ರಮದಲ್ಲಿ ಸುಣ್ಣದ ಅಂಶವೂ ಕೂಡಿ, ಹಳೆಯ ಕೊಳಾಯಿಯಲ್ಲಿ ಉಪ್ಪು ಕಟ್ಟುವಂತೆ ದಾರಿಯು ಕಿರಿದಾಗುವುದು. ಕುಳಿತಾಗ ಕಾಲಿಗೆ ಬೇಕಾಗುವ ರಕ್ತವು ಅಲ್ಪವಾದ್ದರಿಂದ ನೋವಿಲ್ಲ. ನಡೆದಾಗ ಮಾಂಸಖಂಡಗಳು ಹೆಚ್ಚು ರಕ್ತವನ್ನು ಬೇಡುವುವು; ಅದು ದೊರೆಯದೆ ಮೀನಖಂಡವು ಹಿಡಿದುಕೊಳ್ಳುವುದು; ನಿಂತರೆ ಕೆಲವು ನಿಮಿಷಗಳಲ್ಲಿ ಶಮನವಾಗುವುದು; ಮತ್ತೆ ನಡೆದರೆ ಮತ್ತೆ ಅಷ್ಟೇ ದೂರದಲ್ಲಿ ನೋವು. ಇದನ್ನು ಮೊದಲು ಸ್ಪಷ್ಟವಾಗಿ ಬರೆದವನು ಮನುಷ್ಯವೈದ್ಯನಲ್ಲ, ಪಶುವೈದ್ಯ. ಫ್ರಾನ್ಸಿನ ಬೂಲೇ ಎಂಬವನು 1831ರಲ್ಲಿ ಒಂದು ಕುದುರೆಯು ಓಡಿದಾಗ ಕುಂಟಿ, ನಿಂತಾಗ ಸರಿಯಾಗುತ್ತಿದ್ದುದನ್ನು ಕಂಡು, ಅದರ ಕಾಲಿನ ಧಮನಿಯು ಕಟ್ಟಿರುವುದನ್ನು ತಿಳಿಸಿದನು. 1858ರಲ್ಲಿ ಪ್ಯಾರಿಸಿನ ಷಾರ್ಕೋ ಎಂಬ ಪ್ರಸಿದ್ಧ ವೈದ್ಯನು ಗುಂಡೇಟು ತಿಂದಿದ್ದ ಒಬ್ಬ ಹಳೆಯ ಸೈನಿಕನಲ್ಲಿ ಅದೇ ಲಕ್ಷಣವನ್ನು ಗುರುತಿಸಿದನು. ಕುಂಟುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಇದಕ್ಕೆ 'ಕ್ಲಾಡಿಕೇಷನ್' ಎಂಬ ಹೆಸರು ನಿಂತಿತು. ನಮ್ಮ ಗ್ರಂಥಗಳ 'ಕಲಾಯಖಂಜ'ವೇ ಇದೆಂದು ಯಾರಾದರೂ ಹೇಳಿದರೆ ಒಪ್ಪಬಾರದು. ಆ ರೋಗದಲ್ಲಿ ನಡೆಯಲು ತೊಡಗುವಾಗಲೇ ನಡುಕವೂ ಸಂಧಿಗಳ ಸಡಿಲಿಕೆಯೂ ಉಂಟು. ಕೇಸರಿಬೇಳೆಯನ್ನು ಅತಿಯಾಗಿ ತಿನ್ನುವುದರಿಂದ ಬರುವ ಕಾಲಿನ ದೌರ್ಬಲ್ಯಕ್ಕೆ ಅದು ಹೊಂದುವುದೇ ಹೊರತು ಇದಕ್ಕೆ ಹೊಂದದು.

ಈ ಲಕ್ಷಣವನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಬಹು ಮೊದಲೇ ಕಣ್ಣಾರೆ ಕಂಡಿದ್ದೆನು. ಸುಮಾರು ನಲವತ್ತು ವರ್ಷಗಳ ಹಿಂದೆ ಪಾಠಶಾಲೆಯಲ್ಲಿ ನಮಗೆ ಕೌಮುದಿಯನ್ನು ಹೇಳುತ್ತಿದ್ದ ಗುರುಗಳು ಬೆಳಗ್ಗೆ ಹೊಳೆಗೆ ಹೋಗುವಾಗ ನೂರು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ನಿಂತಾಗಲೆಲ್ಲ ಹಿಂದಿರುಗಿ ನೋಡಿ ನಮ್ಮಲ್ಲಿ ಒಬ್ಬನಿಗೆ ಒಂದು ರೂಪವನ್ನು ಸಾಧಿಸಲು ಹೇಳುತ್ತಿದ್ದರು. ಅವರು ನಮ್ಮನ್ನು ಪರೀಕ್ಷಿಸುವುದಕ್ಕಾಗಿ ನಿಲ್ಲುವರೆಂದು ನಾವು ಹೆದರುತ್ತಿದ್ದೆವು. ನಿಲ್ಲಬೇಕಾದುದರಿಂದ ಪರೀಕ್ಷಿಸುತ್ತಿದ್ದರೆಂದು ತಿಳಿದುದು ಅನಂತರ. ಎರಡು ವರ್ಷಗಳಲ್ಲಿ ಅವರ ಕಾಲ್ಬೆರಳು ಕಪ್ಪಾಯಿತು. ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಮಂಡಿಯ ಮೇಲಕ್ಕೆ ಕಾಲನ್ನು ತೆಗೆದರು. ಬೇರೊಂದು ಮಾರ್ಗವುಂಟೆಂದು ಆಗ ನಮಗೆ ಹೇಳಿದವರಿಲ್ಲ. ಮಾರ್ಗವು ಹುಟ್ಟಿ ಆಗಲೇ ಇಪ್ಪತ್ತು ವರ್ಷಗಳು ಕಳೆದಿದ್ದುವು. ಆ ಇಪ್ಪತ್ತು ವರ್ಷಗಳು ಎಲ್ಲಿ ಹೋದುವೆಂಬ ಪ್ರಶ್ನೆಯೇ ನನ್ನನ್ನು ಈ ವಿಚಾರಕ್ಕೆ ಎಳೆದುದು.

ಅಂತರ್ನಾಳ ಚಿಕಿತ್ಸೆಗೆ ಪೂರ್ವದಲ್ಲಿ ಶಸ್ತ್ರವೈದ್ಯರು ಸುಮ್ಮನಿರಲಿಲ್ಲ. ಇದರಲ್ಲಿ ಪೋರ್ಚುಗಲ್ ದೇಶದ ತಂದೆಮಕ್ಕಳಿಬ್ಬರ ಹೆಸರು ಸ್ಮರಣೀಯ. ತಂದೆಯಾದ ರೇನಾಲ್ಡೊ ಡೋಸ್ ಸಾಂಟೋಸ್ 1929ರಲ್ಲಿ ಲಿಸ್ಬನ್ನಿನಲ್ಲಿ ಬೆನ್ನಿನ ಕಡೆಯಿಂದ ಮಹಾಧಮನಿಗೆ ಸೂಜಿಯನ್ನು ಚುಚ್ಚಿ, ಕ್ಷ-ಕಿರಣಕ್ಕೆ ಕಾಣುವ ದ್ರವವನ್ನು ಹಾಯಿಸಿ, ಕಾಲಿಗೆ ಇಳಿಯುವ ನಾಳಗಳ ಚಿತ್ರವನ್ನು ತೆಗೆದನು. ಮಗನಾದ ಜೊವಾವ್ ಸಿಡ್ ಡೋಸ್ ಸಾಂಟೋಸ್ 1946ರಲ್ಲಿ ಕಟ್ಟಿದ ಧಮನಿಯನ್ನು ಕೊಯ್ದು ತೆರೆದು ಒಳಗಿನ ಗಡುಸು ಪದರವನ್ನು ಬಿಡಿಸಿ ತೆಗೆದನು. 1948ರಲ್ಲಿ ಪ್ಯಾರಿಸಿನ ಕುನ್ಲಿನ್ ಎಂಬವನು ರೋಗಿಯ ಕಾಲಿನಿಂದಲೇ ಒಂದು ಸಿರೆಯನ್ನು ತೆಗೆದು, ಕಟ್ಟಿದ ಜಾಗವನ್ನು ಬಳಸಿ ಹೋಗುವಂತೆ ಮೇಲಕ್ಕೂ ಕೆಳಕ್ಕೂ ಹೊಲಿದನು. ಕಟ್ಟೆ ಒಡೆಯದ ಕಾಲುವೆಗೆ ಪಕ್ಕದಲ್ಲಿ ಬೇರೆ ತೋಡನ್ನು ಕಡಿದಂತೆ ಇದು. ಈ ಮಾರ್ಗವು ಇಂದಿಗೂ ಬಳಕೆಯಲ್ಲಿರುವುದು. ಇದನ್ನು ಕಡೆಗಣಿಸುವುದು ಉಚಿತವಲ್ಲ. ಆದರೆ ಎಂಬತ್ತು ವರ್ಷದ ದುರ್ಬಲ ದೇಹವು ಇಷ್ಟು ದೊಡ್ಡ ಶಸ್ತ್ರಕ್ರಿಯೆಯನ್ನು ತಾಳಬೇಕಲ್ಲವೆ?

ನಾಳದ ಒಳಗಿನಿಂದಲೇ ಕೆಲಸಮಾಡಬೇಕಾದರೆ ಮೊದಲು ಒಳಗೆ ಹೋಗುವ ಸುಲಭವಾದ ಬಾಗಿಲು ಬೇಕು. ಅದನ್ನು ಮಾಡಿಕೊಟ್ಟವನು ಸ್ವೀಡನ್ ದೇಶದ ಸೆಲ್ಡಿಂಗರ್. 1953ರಲ್ಲಿ ಆತನು ಪ್ರಕಟಿಸಿದ ಕ್ರಮವು ಕೇಳುವುದಕ್ಕೆ ಅತಿ ಸಾಮಾನ್ಯವಾದುದು. ಧಮನಿಗೆ ಟೊಳ್ಳಾದ ಸೂಜಿಯನ್ನು ಚುಚ್ಚುವುದು. ಸೂಜಿಯೊಳಗಿಂದ ಬಾಗುವ ಸಣ್ಣ ತಂತಿಯನ್ನು ಹೊಗಿಸುವುದು. ತಂತಿಯನ್ನು ಅಲ್ಲಿಯೇ ಬಿಟ್ಟು ಸೂಜಿಯನ್ನು ತೆಗೆಯುವುದು. ತಂತಿಯ ಮೇಲೆ ಪೋಣಿಸಿದಂತೆ ನಳಿಕೆಯನ್ನು, ಎಂದರೆ ಕ್ಯಾಥೆಟರನ್ನು, ಒಳಗೆ ನೂಕುವುದು. ಕಡೆಗೆ ತಂತಿಯನ್ನು ಎಳೆದುಕೊಳ್ಳುವುದು. ಕೊಯ್ಯುವ ಪ್ರಸಕ್ತಿಯೇ ಇಲ್ಲ. ಇಂದು ಲೋಕದ ಯಾವ ಆಸ್ಪತ್ರೆಯಲ್ಲಿ ನೋಡಿದರೂ ಈ ಕ್ರಮವೇ ನಡೆಯುತ್ತಿರುವುದು. ಆದರೆ ಸೆಲ್ಡಿಂಗರನಿಗೂ ಅವನ ಸಮಕಾಲೀನರಿಗೂ ಇದು ನೋಡುವ ಸಾಧನವಾಗಿದ್ದಿತು, ಮಾಡುವ ಸಾಧನವಾಗಿರಲಿಲ್ಲ. ನಳಿಕೆಯ ಕೆಲಸ ಚಿತ್ರಕ್ಕೆ ಬೇಕಾದ ದ್ರವವನ್ನು ಬಿಡುವುದು, ಅಷ್ಟೇ.

ಇಲ್ಲಿ ಚಾರ್ಲ್ಸ್ ಡಾಟರನ ಪ್ರವೇಶ. 1920ರಲ್ಲಿ ಬಾಸ್ಟನ್ ನಗರದಲ್ಲಿ ಹುಟ್ಟಿದ ಈತನು 1952ರಲ್ಲಿ, ಇನ್ನೂ ಮೂವತ್ತೆರಡನೆಯ ವಯಸ್ಸಿನಲ್ಲಿಯೇ, ಆರಿಗನ್ ವೈದ್ಯಕೀಯ ವಿದ್ಯಾಲಯದಲ್ಲಿ ಕ್ಷ-ಕಿರಣ ವಿಭಾಗದ ಮುಖ್ಯನಾದನು. ಪರ್ವತಾರೋಹಣದಲ್ಲಿ ಪ್ರೀತಿಯುಳ್ಳವನು, ಕೈಗೆ ಸಿಕ್ಕಿದ ತಂತಿ, ನಳಿಕೆಗಳಿಂದ ತನಗೆ ಬೇಕಾದ ಉಪಕರಣವನ್ನು ತಾನೇ ಮಾಡಿಕೊಳ್ಳುವ ಸ್ವಭಾವದವನು. 1963ರಲ್ಲಿ ಒಬ್ಬ ರೋಗಿಯ ಮಹಾಧಮನಿಯ ಚಿತ್ರವನ್ನು ತೆಗೆಯುವುದಕ್ಕಾಗಿ ತೊಡೆಯಿಂದ ನಳಿಕೆಯನ್ನು ಮೇಲಕ್ಕೆ ನೂಕುತ್ತಿದ್ದಾಗ, ಅದು ಕಟ್ಟಿಹೋಗಿದ್ದ ಸೊಂಟದ ಧಮನಿಯನ್ನು ಭೇದಿಸಿಕೊಂಡು ಮುಂದೆ ಹೋಯಿತು. ಅಪಾಯವೇನೂ ಆಗಲಿಲ್ಲ, ದಾರಿಯು ತೆರೆದಿತ್ತು. ಬೇರೆಯವರು ಇದನ್ನು ಒಂದು ತಪ್ಪಿದ ಗಂಡಾಂತರವೆಂದು ಮರೆತುಬಿಡುತ್ತಿದ್ದರು. ಡಾಟರನು ಮರೆಯಲಿಲ್ಲ. ಅದೇ ವರ್ಷದ ಜೂನ್ ತಿಂಗಳಲ್ಲಿ ಚೆಕೊಸ್ಲೊವಾಕಿಯದ ಕಾರ್ಲ್ಸ್‌ಬಾಡ್ ನಗರದಲ್ಲಿ ಸೇರಿದ ಕ್ಷ-ಕಿರಣ ವೈದ್ಯರ ಸಮ್ಮೇಳನದಲ್ಲಿ, ನಳಿಕೆಯು ಕೇವಲ ನೋಡುವ ಸಾಧನವಾಗಿ ಉಳಿಯಬೇಕಾಗಿಲ್ಲ, ಚಿಕಿತ್ಸೆಯ ಸಾಧನವೂ ಆಗಬಲ್ಲುದು ಎಂದು ಸಾರಿದನು.

ಆರು ತಿಂಗಳ ಮೇಲೆ ಅವಕಾಶವು ಒದಗಿತು. ಎಂಬತ್ತೆರಡು ವರ್ಷದ ಒಬ್ಬ ಸ್ತ್ರೀಯ ಪಾದದಲ್ಲಿ ಮಾಯದ ಹುಣ್ಣೂ, ಬೆರಳುಗಳಲ್ಲಿ ಕೊಳೆಯುವಿಕೆಯೂ ಕಂಡುಬಂದಿದ್ದುವು. ಶಸ್ತ್ರವೈದ್ಯರು ಕಾಲನ್ನು ತೆಗೆಯಬೇಕೆಂದರು. ಆಕೆ ಖಂಡಿತವಾಗಿ ಒಪ್ಪಲಿಲ್ಲ. ಈ ಚರಿತ್ರೆಯಲ್ಲಿ ಡಾಟರನ ಬುದ್ಧಿಗೆ ಎಷ್ಟು ಸ್ಥಾನವುಂಟೋ ಆ ವೃದ್ಧೆಯ ಹಟಕ್ಕೂ ಅಷ್ಟೇ ಸ್ಥಾನವುಂಟೆಂದು ನನ್ನ ಮತ. ಆಕೆ ಒಪ್ಪಿದ್ದರೆ ಆ ದಿನ ಪ್ರಯೋಗಕ್ಕೆ ಕಾಲೇ ಇರುತ್ತಿರಲಿಲ್ಲ. ಬೇರೆ ಉಪಾಯವಿಲ್ಲದೆ ಶಸ್ತ್ರವೈದ್ಯನಾದ ವಿಲಿಯಂ ಕ್ರಿಪೆನ್ ಎಂಬವನು ಆಕೆಯನ್ನು ಡಾಟರನ ಬಳಿಗೆ ಕಳುಹಿಸಿದನು. ಚಿತ್ರದಲ್ಲಿ ತೊಡೆಯ ಧಮನಿಯ ಒಂದು ಸಣ್ಣ ಭಾಗದಲ್ಲಿ ಮಾತ್ರ ದಾರಿಯು ಬಹಳ ಕಿರಿದಾಗಿದ್ದಿತು. ಪ್ರಯೋಗಕ್ಕೆ ಇದಕ್ಕಿಂತ ಅನುಕೂಲವಾದ ಸ್ಥಳವು ದೊರೆಯುವಂತಿರಲಿಲ್ಲ. 1964ನೆಯ ಜನವರಿ 16ನೆಯ ತಾರೀಖು ಡಾಟರನು ಆ ಕಿರಿದಾದ ದಾರಿಯಲ್ಲಿ ತಂತಿಯನ್ನು ಹಾಯಿಸಿ, ಅದರ ಮೇಲೆ ನಳಿಕೆಗಳನ್ನು ನೂಕಿ, ದಾರಿಯನ್ನು ಅಗಲಿಸಿದನು. ತಣ್ಣಗಿದ್ದ ಪಾದವು ಬೆಚ್ಚಗಾಗಿ ಕೆಂಪೇರಿತು. ಒಂದು ವಾರದೊಳಗೆ ನೋವು ನಿಂತಿತು, ಹುಣ್ಣು ಮಾಯಿತು. ಸುಮಾರು ಎರಡೂವರೆ ವರ್ಷಗಳ ಮೇಲೆ ಬೇರೆ ರೋಗದಿಂದ ಆಕೆ ತೀರಿಕೊಳ್ಳುವವರೆಗೆ ತನ್ನ ಎರಡು ಕಾಲುಗಳಿಂದಲೇ ನಡೆದಳು.

ಈ ಕ್ರಿಯೆಯ ವಿವರಣೆಯು ಡಾಟರ್ ಮತ್ತು ಅವನ ಸಹಾಯಕನಾದ ಮೆಲ್ವಿನ್ ಜಡ್ಕಿನ್ಸ್ ಇಬ್ಬರ ಹೆಸರಿನಲ್ಲಿ ಅದೇ ವರ್ಷದ ನವೆಂಬರಿನಲ್ಲಿ 'ಸರ್ಕ್ಯುಲೇಷನ್' ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು. ಅವರ ಸಾಧನವು ಒಂದರೊಳಗೊಂದು ಸೇರುವ ನಳಿಕೆಗಳ ಜೋಡಿ: ಮೊದಲು ತಂತಿ, ಅದರ ಮೇಲೆ ಸುಮಾರು ಎರಡೂವರೆ ಮಿಲಿಮೀಟರ್ ದಪ್ಪದ ಟೆಫ್ಲಾನ್ ನಳಿಕೆ, ಅದರ ಮೇಲೆ ಅದಕ್ಕೆ ಇಮ್ಮಡಿ ದಪ್ಪದ ಇನ್ನೊಂದು. ಬೆಣೆಯ ಮೇಲೆ ಬೆಣೆಯನ್ನು ಹೊಡೆದು ಸಂದನ್ನು ಅಗಲಿಸುವ ಬಡಗಿಯ ಯುಕ್ತಿಯೇ ಇದು. ಇದರ ದೋಷವೂ ಇಲ್ಲಿಯೇ ಇರುವುದು. ನಾಳವನ್ನು ಎಷ್ಟು ಅಗಲಿಸಬೇಕೋ ಅಷ್ಟೇ ದಪ್ಪದ ನಳಿಕೆಯು ಚರ್ಮದ ಬಳಿಯ ರಂಧ್ರದಲ್ಲಿಯೂ ಹಾಯಬೇಕು. ರಂಧ್ರವು ದೊಡ್ಡದಾದರೆ ರಕ್ತಸ್ರಾವ. ಚಿಕ್ಕದಾದರೆ ಸೊಂಟದ ದೊಡ್ಡ ಧಮನಿಗೆ ಸಾಲದು. ಮತ್ತು ನಳಿಕೆಯು ಮುಂದಕ್ಕೆ ನೂಕುವ ಭರದಲ್ಲಿ ಒಳಗಿನ ಚೂರುಗಳನ್ನು ಕೆರೆದು ಕೆಳಕ್ಕೆ ತಳ್ಳುವ ಭಯವೂ ಉಂಟು.

ಸ್ವದೇಶದಲ್ಲಿ ಈ ಮಾರ್ಗಕ್ಕೆ ದೊರೆತ ಮರ್ಯಾದೆ ಅತ್ಯಲ್ಪ. ಶಸ್ತ್ರವೈದ್ಯರಿಗೆ ಇದು ಕೊಳಾಯಿ ರಿಪೇರಿಯವನ ಕೆಲಸದಂತೆ ಕಂಡಿತು. ಡಾಟರನೂ ಈ ಹೋಲಿಕೆಯನ್ನು ತಳ್ಳಿಹಾಕಲಿಲ್ಲ. ಕೊಳಾಯಿಯವನು ಕೊಳವೆಗೆ ಮಾಡುವುದನ್ನು ನಾವು ರಕ್ತನಾಳಕ್ಕೆ ಏಕೆ ಮಾಡಬಾರದೆಂದು ಕೇಳಿ, ಕೊಳವೆಯನ್ನೂ ಸ್ಪ್ಯಾನರನ್ನೂ ಅಡ್ಡಡ್ಡವಾಗಿರಿಸಿದ ಚಿತ್ರವನ್ನೇ ತನ್ನ ಲಾಂಛನವಾಗಿ ಮಾಡಿಕೊಂಡನು. 'ಹುಚ್ಚು ಚಾರ್ಲಿ' ಎಂಬ ಅಡ್ಡಹೆಸರೂ ಬಿದ್ದಿತು. ರೋಗಿಯನ್ನು ಕಳುಹಿಸುವ ಚೀಟಿಯಲ್ಲಿ, ನಾಳವನ್ನು ತೋರಿಸು, ಆದರೆ ಸರಿಪಡಿಸಲು ಹೋಗಬೇಡ ಎಂಬ ಅರ್ಥದ ಆಜ್ಞೆಯನ್ನು ಬರೆದವರೂ ಇದ್ದರು. ವಿರೋಧಕ್ಕೆ ಅವರ ದುರಾಗ್ರಹವೊಂದೇ ಕಾರಣವೆನ್ನಲಾರೆ. ಮೇಲೆ ಹೇಳಿದ ದೋಷಗಳು ನಿಜವಾದುವೇ. ಆದರೆ ರೋಗಿಯು ಮೊದಲು ಶಸ್ತ್ರವೈದ್ಯನ ಬಳಿಗೆ ಹೋಗುವನು, ಕ್ಷ-ಕಿರಣದವನಿಗೆ ಸ್ವಂತ ರೋಗಿಗಳಿಲ್ಲ ಎಂಬ ವ್ಯವಸ್ಥೆಯಲ್ಲಿ, ಹೊಸ ಮಾರ್ಗದ ಬಾಗಿಲಿನ ಕೀಲಿಕೈ ಹಳೆಯ ಮಾರ್ಗದವರ ಕೈಯಲ್ಲಿಯೇ ಇದ್ದಿತು. ನಾನು ಹುಡುಕುತ್ತಿದ್ದ ಇಪ್ಪತ್ತು ವರ್ಷಗಳಲ್ಲಿ ಬಹುಭಾಗವು ಈ ಕೀಲಿಕೈಗೆ ಸೇರಿದುದು.

ಯೂರೋಪಿನಲ್ಲಿ ಹಾಗಾಗಲಿಲ್ಲ. ಜರ್ಮನಿಯಲ್ಲಿ ಎಬರ್‌ಹಾರ್ಟ್ ಝೈಟ್ಲರ್, ಬರ್ಲಿನ್ನಿನಲ್ಲಿ ವೆರ್ನರ್ ಪೋರ್ಸ್ಟ್‌ಮಾನ್, ಹಾಲೆಂಡಿನಲ್ಲಿ ವಾನ್ ಆಂಡೆಲ್ ಮುಂತಾದವರು ಡಾಟರನ ಮಾರ್ಗವನ್ನು ಕಲಿತು, ತಿದ್ದಿ, ನಡೆಸಿದರು. ಇದಕ್ಕೆ ಬಲವಾದ ಸಾಕ್ಷಿ ಭಾಷೆಯಲ್ಲಿಯೇ ಇರುವುದು. ಜರ್ಮನರು ಈ ಕ್ರಿಯೆಗೆ ಆತನ ಹೆಸರನ್ನೇ ಕ್ರಿಯಾಪದವಾಗಿ ಮಾಡಿ ಬಳಸಿದರು. ಡಚ್ ಭಾಷೆಯಲ್ಲಂತೂ 'ಡಾಟರೆನ್' ಎಂಬ ಧಾತುವು ಇಂದಿಗೂ ಜೀವಂತವಾಗಿ, ಹೃದಯದ ಬೆಲೂನು ಚಿಕಿತ್ಸೆಗೂ ಅದೇ ಪದವನ್ನು ಜನರು ಆಡುತ್ತಿರುವರು. ಶಾಸನದಲ್ಲಿ ಕೊರೆದ ಹೆಸರನ್ನು ಒಡೆಯಬಹುದು, ಜನರ ಬಾಯಲ್ಲಿ ಧಾತುವಾದ ಹೆಸರನ್ನು ಅಳಿಸುವುದು ಕಷ್ಟ. ಕರ್ತೃತ್ವವನ್ನು ಕುರಿತು ವಾದಿಸುವವರು ಈ ಒಂದು ಪದವನ್ನು ಪ್ರಮಾಣವಾಗಿ ಎಣಿಸದೆ ಹೋಗಿರುವುದು ಆಶ್ಚರ್ಯ.

ಗ್ರುಂಟ್ಸಿಗ್ 1939ರಲ್ಲಿ ಡ್ರೆಸ್ಡನ್ನಿನಲ್ಲಿ ಹುಟ್ಟಿದವನು. ಜೂರಿಕ್ಕಿನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ರಕ್ತನಾಳಗಳ ವಿಭಾಗದಲ್ಲಿದ್ದನು. ಝೈಟ್ಲರನಿಂದ ಡಾಟರನ ಮಾರ್ಗವನ್ನು ಕಲಿತು, ಅದರ ಮುಖ್ಯ ದೋಷಕ್ಕೆ ಪರಿಹಾರವನ್ನು ಹುಡುಕಿದನು. ಒಳಗೆ ಹೋಗುವಾಗ ತೆಳ್ಳಗಿದ್ದು, ಕಟ್ಟಿದ ಜಾಗದಲ್ಲಿ ಮಾತ್ರ ಉಬ್ಬಿ, ಹೊರಗೆ ಬರುವಾಗ ಮತ್ತೆ ತೆಳ್ಳಗಾಗುವ ವಸ್ತು ಬೇಕು. ಬೆಲೂನಿನ ಆಲೋಚನೆ ಹೊಸದಲ್ಲ; ಹೆಪ್ಪುಗಟ್ಟಿದ ರಕ್ತವನ್ನು ಎಳೆದು ತೆಗೆಯುವುದಕ್ಕೆ ಫೋಗಾರ್ಟಿ ಎಂಬ ಅಮೆರಿಕದ ವೈದ್ಯನ ಬೆಲೂನ್ ನಳಿಕೆಯು 1963ರಷ್ಟು ಹಿಂದೆಯೇ ಪ್ರಕಟವಾಗಿದ್ದಿತು. ಆದರೆ ರಬ್ಬರಿನ ಬೆಲೂನು ಗಡುಸಾದ ಜಾಗದಲ್ಲಿ ಹಿಗ್ಗದೆ, ಮೃದುವಾದ ಜಾಗವನ್ನು ಹುಡುಕಿಕೊಂಡು ಅಲ್ಲಿ ಉಬ್ಬುವುದು. ಆದಕಾರಣ ತಡೆಯು ಹಾಗೆಯೇ ಉಳಿದು ಆರೋಗ್ಯವಾದ ನಾಳವು ಒಡೆಯಬಹುದು. ಗೊತ್ತಾದ ಅಳತೆಯವರೆಗೆ ಉಬ್ಬಿ, ಅದರಿಂದಾಚೆಗೆ ಎಷ್ಟು ಒತ್ತಿದರೂ ಹಿಗ್ಗದ ಪದಾರ್ಥವು ಬೇಕಾಗಿದ್ದಿತು. ಹೈನ್ರಿಖ್ ಹೋಪ್ಫ್ ಎಂಬ ನಿವೃತ್ತ ರಸಾಯನಶಾಸ್ತ್ರ ಪ್ರಾಧ್ಯಾಪಕನು ಪಿ.ವಿ.ಸಿ. ಎಂಬ ವಸ್ತುವನ್ನು ಸೂಚಿಸಿದನು. ಗ್ರುಂಟ್ಸಿಗ್, ಅವನ ಪತ್ನಿ, ಸಹಾಯಕಿಯಾದ ಮಾರಿಯಾ ಶ್ಲುಂಫ್ ಇವರು ಮನೆಯ ಅಡುಗೆಮನೆಯ ಮೇಜಿನ ಮೇಲೆ ರಾತ್ರಿಗಳನ್ನು ಕಳೆದು, ನಳಿಕೆಯನ್ನು ಕಾಯಿಸಿ, ಊದಿ, ಅಂಟಿಸಿ, ಕೆಡಿಸಿ, ಮತ್ತೆ ಮಾಡಿದರು. 1974ನೆಯ ಫೆಬ್ರವರಿ 12ನೆಯ ತಾರೀಖು ಆ ಬೆಲೂನು ಮೊದಲ ಸಲ ಮನುಷ್ಯನೊಬ್ಬನ ತೊಡೆಯ ಧಮನಿಯಲ್ಲಿ ಉಬ್ಬಿತು. ಗಮನಿಸಬೇಕಾದುದು: ಇದೂ ಕಾಲೇ. ಹೃದಯದ ಸರದಿ 1977ನೆಯ ಸೆಪ್ಟೆಂಬರ್ 16ರಂದು ಬಂದುದು; ಅಷ್ಟು ಹೊತ್ತಿಗೆ ಮಾರ್ಗವು ಕಾಲಿನಲ್ಲಿ ನುರಿತಿದ್ದಿತು.

ಹಾಗಾದರೆ ಕರ್ತೃ ಯಾರು? ವ್ಯಾಕರಣವನ್ನು ಓದಿದವರಿಗೆ ಇಲ್ಲಿ ಒಂದು ಸಾಮ್ಯವು ತೋರದಿರದು. ಸೂತ್ರಕಾರನು ಹೇಳಿದುದನ್ನೂ, ಹೇಳದೆ ಬಿಟ್ಟುದನ್ನೂ, ಸರಿಯಾಗಿ ಹೇಳದುದನ್ನೂ ವಿಚಾರಮಾಡುವವನು ವಾರ್ತಿಕಕಾರ. ವಾರ್ತಿಕವಿಲ್ಲದೆ ಸೂತ್ರವು ಅನೇಕ ಕಡೆಗಳಲ್ಲಿ ನಡೆಯದು. ಆದರೂ ಕಾತ್ಯಾಯನನನ್ನು ಯಾರೂ ಪಾಣಿನಿ ಎನ್ನುವುದಿಲ್ಲ. ಶಸ್ತ್ರವಿಲ್ಲದೆ, ನಾಳದ ಒಳಗಿನಿಂದ, ತಂತಿಯನ್ನು ಮೊದಲು ಹಾಯಿಸಿ, ಅದರ ಮೇಲಿನ ಸಾಧನದಿಂದ ತಡೆಯನ್ನು ಅಗಲಿಸಬಹುದೆಂಬ ಸೂತ್ರವು ಡಾಟರನದು. ಅದನ್ನು ಎಲ್ಲ ಅಳತೆಯ ನಾಳಗಳಿಗೂ, ಎಲ್ಲ ವೈದ್ಯರ ಕೈಗೂ ಸಲ್ಲುವಂತೆ ಮಾಡಿದ ವಾರ್ತಿಕವು ಗ್ರುಂಟ್ಸಿಗನದು. ಗ್ರುಂಟ್ಸಿಗನನ್ನು ಕರ್ತೃವೆನ್ನುವವರು ಸಾಧನವನ್ನು ನೋಡುವರು, ಸೂತ್ರವನ್ನು ನೋಡುವುದಿಲ್ಲ.

ಸೂತ್ರಕಾರನೂ ಒಂದು ವಿಷಯದಲ್ಲಿ ತಪ್ಪಿದನು. ಒಳಗಿನ ಗಡುಸಾದ ಕೊಬ್ಬು ಒತ್ತಡದಿಂದ ಅಮುಕಿ ಗೋಡೆಗೆ ಹತ್ತಿಕೊಳ್ಳುವುದೆಂದು ಡಾಟರನು ತಿಳಿದಿದ್ದನು. ಅನಂತರದ ಪರೀಕ್ಷೆಗಳಿಂದ, ಆ ಪದರವು ಅಮುಕುವುದಕ್ಕಿಂತ ಹೆಚ್ಚಾಗಿ ಬಿರಿಯುವುದೆಂದೂ, ಧಮನಿಯ ನಡುಪದರವು ಹಿಗ್ಗಿ ದಾರಿಯು ಅಗಲವಾಗುವುದೆಂದೂ ತಿಳಿದುಬಂದಿತು. ಎಂದರೆ ಇದು ಹಿತಮಿತವಾದ ಒಂದು ಗಾಯ. ಗಾಯವು ಮಾಯುವಾಗ ಹೊಸ ಮಾಂಸವು ಬೆಳೆದು ದಾರಿಯು ಮತ್ತೆ ಕಿರಿದಾಗುವುದು ಈ ಚಿಕಿತ್ಸೆಯ ಸಹಜವಾದ ಶತ್ರು. ಅದನ್ನೂ ಡಾಟರನು ಮುಂಗಂಡು, 1969ರಲ್ಲಿಯೇ ನಾಯಿಗಳ ಮಂಡಿಯ ಹಿಂದಿನ ಧಮನಿಯಲ್ಲಿ ಲೋಹದ ಸುರುಳಿಯನ್ನು ಆಧಾರವಾಗಿ ಇಟ್ಟು ನೋಡಿದ್ದನು. ಇಂದಿನ ಸ್ಟೆಂಟಿನ ಮೂಲಪುರುಷನು ಆ ಸುರುಳಿ. 'ಸ್ಟೆಂಟ್' ಎಂಬ ಹೆಸರಿನ ಕಥೆಯು ವಿನೋದವಾಗಿದೆ: ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಚಾರ್ಲ್ಸ್ ಸ್ಟೆಂಟ್ ಎಂಬ ದಂತವೈದ್ಯನು ಹಲ್ಲಿನ ಅಚ್ಚು ತೆಗೆಯುವುದಕ್ಕೆ ಮಾಡಿದ ಮಿಶ್ರಣಕ್ಕೆ ಆತನ ಹೆಸರು ಬಿದ್ದಿತು, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಚರ್ಮವನ್ನು ಕಸಿಮಾಡುವವರು ಅದನ್ನು ಆಸರೆಗೆ ಬಳಸಿದರು, ಆಸರೆಯೆಂಬ ಅರ್ಥವು ನಿಂತು, ವಸ್ತುವು ಹೋಗಿ, ಹೆಸರು ರಕ್ತನಾಳದೊಳಕ್ಕೆ ಹೊಕ್ಕಿತು. ಪಾಲ್ಮಾಜ್ ಎಂಬವನ ಲೋಹದ ಜಾಲರಿಯು ಸೊಂಟದ ಧಮನಿಗೆ ಅಮೆರಿಕದ ಸರ್ಕಾರದ ಒಪ್ಪಿಗೆಯನ್ನು ಪಡೆದುದು 1991ರಲ್ಲಿ.

ಸುಶ್ರುತಸಂಹಿತೆಯಲ್ಲಿ ನೂರೊಂದು ಯಂತ್ರಗಳನ್ನು ಹೇಳಿ, ಅವುಗಳಲ್ಲಿ ಇಪ್ಪತ್ತು ನಾಡೀಯಂತ್ರಗಳನ್ನೂ ಇಪ್ಪತ್ತೆಂಟು ಶಲಾಕಾಯಂತ್ರಗಳನ್ನೂ ಎಣಿಸಿದೆ. ನಳಿಕೆಯು ನಾಡೀಯಂತ್ರ, ತಂತಿಯು ಶಲಾಕೆ. ಆದ್ದರಿಂದ ಈ ಚಿಕಿತ್ಸೆಯು ನಮ್ಮಲ್ಲಿಯೇ ಮೊದಲಿದ್ದಿತು ಎಂದು ವಾದಿಸುವ ಮಿತ್ರರನ್ನು ನಾನು ಕಂಡಿರುವೆನು. ಸುಶ್ರುತನಲ್ಲಿ ನನಗಿರುವ ಗೌರವವು ಯಾರಿಗೂ ಕಡಿಮೆಯದಲ್ಲ. ಆತನ ನಾಡೀಯಂತ್ರಗಳು ದೇಹದ ದ್ವಾರಗಳಲ್ಲಿಯೂ ವ್ರಣಗಳಲ್ಲಿಯೂ ನೋಡುವುದಕ್ಕೆ, ಹೀರುವುದಕ್ಕೆ, ಔಷಧವನ್ನು ಹಾಕುವುದಕ್ಕೆ ಇದ್ದುವು. ರಕ್ತವು ಹರಿಯುವ ಧಮನಿಯ ಒಳಗೆ ಅವುಗಳನ್ನು ನಡೆಸಿದುದಕ್ಕೆ ಗ್ರಂಥದಲ್ಲಿ ಪ್ರಮಾಣವಿಲ್ಲ. ಇಲ್ಲದುದನ್ನು ಆರೋಪಿಸಿದರೆ ಇದ್ದುದಕ್ಕೂ ಬೆಲೆ ಕೆಡುವುದು.

ಈಚಿನ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳಬಹುದು. ನಾಳವು ಮತ್ತೆ ಕಿರಿದಾಗದಂತೆ ಔಷಧವನ್ನು ಲೇಪಿಸಿದ ಬೆಲೂನುಗಳು ಬಂದುವು. 2018ರಲ್ಲಿ ಅವುಗಳಿಂದ ಮರಣವು ಹೆಚ್ಚುವುದೆಂಬ ಶಂಕೆ ಎದ್ದು, 2023ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಆ ಶಂಕೆಗೆ ಆಧಾರ ಸಾಲದೆಂದು ಹೇಳಿದರು. ಶಸ್ತ್ರವೋ ಬೆಲೂನೋ ಎಂಬ ವ್ಯಾಜ್ಯವಂತೂ ತೀರಿಲ್ಲ. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯು, ಒಳ್ಳೆಯ ಸಿರೆಯುಳ್ಳ ರೋಗಿಗಳಿಗೆ ಕುನ್ಲಿನನ ಮಾರ್ಗವೇ ಲೇಸೆಂದಿತು. ಮರುವರ್ಷ ಬ್ರಿಟನ್ನಿನ ಇನ್ನೊಂದು ಪರೀಕ್ಷೆಯು, ಮಂಡಿಯ ಕೆಳಗಿನ ನಾಳಗಳಲ್ಲಿ ರೋಗವಿರುವವರಿಗೆ ಮೊದಲು ಬೆಲೂನೇ ಲೇಸೆಂದಿತು. ರೋಗಿಗಳೂ ನಾಳಗಳೂ ಬೇರೆಬೇರೆಯಾದ್ದರಿಂದ ಇವುಗಳಲ್ಲಿ ನನಗೆ ವಿರೋಧವು ಕಾಣುವುದಿಲ್ಲ.

1985ನೆಯ ವರ್ಷವು ಈ ಶಾಸ್ತ್ರಕ್ಕೆ ಕ್ರೂರವಾದುದು. ಜನವರಿಯಲ್ಲಿ ಜಡ್ಕಿನ್ಸ್, ಫೆಬ್ರವರಿಯಲ್ಲಿ ಡಾಟರ್, ಅಕ್ಟೋಬರಿನಲ್ಲಿ ವಿಮಾನಾಪಘಾತದಿಂದ ಗ್ರುಂಟ್ಸಿಗ್, ಮೂವರೂ ತೀರಿಕೊಂಡರು. ಗ್ರುಂಟ್ಸಿಗನಿಗೆ ಆಗ ನಲವತ್ತಾರು ವರ್ಷ.

ಕಡೆಯದಾಗಿ ಕನ್ನಡದಲ್ಲಿ ಇದಕ್ಕೆ ಹೆಸರೇನು? 'ಅಂತರ್ನಾಳ ವಿಸ್ತಾರಣ' ಎಂಬುದು ಡಾಟರನ ಮೂಲಪದಕ್ಕೆ ಸಮೀಪವಾದುದೆಂದು ನನಗೆ ತೋರುವುದು. ಶಾಸ್ತ್ರಗ್ರಂಥಗಳಿಗೆ ಇದು ಸಲ್ಲಬಹುದು. ಆದರೆ ನಮ್ಮ ಜನರು ನಮ್ಮನ್ನು ಕಾಯುತ್ತ ಕುಳಿತಿಲ್ಲ. ಕಾಲಿಗೆ ಬೆಲೂನು ಹಾಕಿಸಿದರು, ಸ್ಟೆಂಟು ಕೂರಿಸಿದರು ಎಂದು ಆಸ್ಪತ್ರೆಯ ಹೊರಜಗುಲಿಯಲ್ಲಿ ಕುಳಿತವರು ಆಡಿಕೊಳ್ಳುವ ಮಾತು ಆಗಲೇ ರೂಢಿಗೆ ಬಂದಿರುವುದು. ಕೋಶವನ್ನು ಸಿದ್ಧಪಡಿಸುವವರು ಮೊದಲನೆಯದರ ಜತೆಗೆ ಇವನ್ನೂ ಬರೆದುಕೊಳ್ಳಬೇಕೆಂದು ನನ್ನ ಸೂಚನೆ.